ಫೋಲ್ಡರಿನ ಹೆಸರುಪಟ್ಟಿ

ಬೆಂಗಳೂರಿನ ಉತ್ತರ ಭಾಗದಲ್ಲಿ, ಯಲಹಂಕದಿಂದ ಹೆಬ್ಬಾಳದವರೆಗೂ ಅಲ್ಲಿಂದ ಯಶವಂತಪುರದವರೆಗೂ, ಗುಡಿಗಳ ಅಂಗಳದಲ್ಲಿ, ಕೆರೆಯ ಏರಿಯ ಮಗ್ಗುಲಲ್ಲಿ, ಹೊಸದಾಗಿ ಎದ್ದ ಕಟ್ಟಡಗಳ ಸಂದಿಯಲ್ಲಿ ಹಳೆಯ ಕಾಲದ ಕುರುಹುಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಇವನ್ನು ನೋಡಿಬರಲು ಹೊರಟ ನಮ್ಮ ಇಬ್ಬರು ವಿದ್ಯಾರ್ಥಿಗಳು ನಾಲ್ಕೈದು ಭಾನುವಾರಗಳಲ್ಲಿ ವೀರಗಲ್ಲು, ಶಾಸನ, ಗುಡಿ, ತೂಬುಗಳ 142 ಛಾಯಾಚಿತ್ರಗಳನ್ನು ತೆಗೆದರು. ಪ್ರತಿಯೊಂದಕ್ಕೂ ಊರಿನ ಹೆಸರನ್ನೂ ಒಂದು ಸಂಖ್ಯೆಯನ್ನೂ ಕನ್ನಡದಲ್ಲಿಯೇ ಕೊಟ್ಟು, ಎಲ್ಲವನ್ನೂ ಒಂದೇ ಫೋಲ್ಡರಿನಲ್ಲಿ ಸೇರಿಸಿದರು. ವರದಿಯ ಕೊನೆಗೆ ಚಿತ್ರಗಳ ಹೆಸರುಪಟ್ಟಿಯನ್ನು ಲಗತ್ತಿಸಬೇಕಾಗಿದ್ದಿತು. ಒಬ್ಬನು ಪರದೆಯನ್ನು ನೋಡಿ ಓದುತ್ತ ಹೋದನು. ಮತ್ತೊಬ್ಬನು ವರ್ಡ್ ದಾಖಲೆಯಲ್ಲಿ ಬೆರಳಚ್ಚು ಮಾಡುತ್ತ ಹೋದನು. ಎರಡು ಗಂಟೆಗಳ ಶ್ರಮದ ಬಳಿಕ ಎಣಿಸಿ ನೋಡಿದರೆ ಪಟ್ಟಿಯಲ್ಲಿದ್ದುದು 139 ಹೆಸರುಗಳು ಮಾತ್ರ! ವರದಿಯನ್ನು ಒಪ್ಪಿಸಬೇಕಾದದ್ದು ಮರುದಿನ ಬೆಳಗ್ಗೆ. ಬಿಟ್ಟುಹೋದ ಮೂರು ಯಾವುವು?

ಮೂರು ಹೆಸರು ಬಿಟ್ಟುಹೋದರೆ ಮುಳುಗಿಹೋಗುವುದೇನು ಎಂದು ವಾಚಕರು ಕೇಳಬಹುದು. ಮಳೆಗಾಳಿಗೆ ಸವೆದ ಕಲ್ಲುಗಳ ಚಿತ್ರಗಳು ಒಂದನ್ನೊಂದು ಹೋಲುತ್ತವೆ. ಇದು ಎಲ್ಲಿಯದೆಂಬುದನ್ನು ಹೇಳುವುದು ಹೆಸರೊಂದೇ. ಬಿ. ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ 9ನೆಯ ಸಂಪುಟವನ್ನು 1905ರಲ್ಲಿ ಪ್ರಕಟಿಸಿದಾಗ, ಬೆಂಗಳೂರು ಜಿಲ್ಲೆಯ ಶಾಸನಗಳನ್ನು ತಾಲ್ಲೂಕುಗಳಾಗಿ ವಿಂಗಡಿಸಿ, ಪ್ರತಿ ತಾಲ್ಲೂಕಿನೊಳಗೂ ಒಂದೊಂದಕ್ಕೆ ಒಂದೊಂದು ಸಂಖ್ಯೆಯನ್ನು ಕೊಟ್ಟರು. ಆ ಕಲ್ಲುಗಳಲ್ಲಿ ಕೆಲವು ಇಂದು ಕಾಣಸಿಗುವುದಿಲ್ಲ. ಪಟ್ಟಿಯಲ್ಲಿದ್ದುದರಿಂದ ಅವು ಇದ್ದುವೆಂಬುದನ್ನಾದರೂ ಬಲ್ಲೆವು. ಪಟ್ಟಿಯಲ್ಲಿ ಇಲ್ಲದೆ ಹೋದುದಕ್ಕೂ ಉದಾಹರಣೆಯುಂಟು. ಗಂಗರಸ ಶ್ರೀಪುರುಷನ ಕಾಲದ, ಸುಮಾರು ಕ್ರಿ. ಶ. 750ರ, ಕಿತ್ತಯ್ಯನೆಂಬವನ ವೀರಗಲ್ಲು ಹೆಬ್ಬಾಳದಲ್ಲಿ ಬೆಳಕಿಗೆ ಬಂದುದು 2018ರಲ್ಲಿ. ಅಲ್ಲಿಯವರೆಗೆ, ಹೆಬ್ಬಾಳವನ್ನು ಪೆರ್ಬೊಳಲೆಂದು ಕರೆದ ಆ ಬರಹ ಊರಿನ ನಡುವೆಯೇ ಇದ್ದರೂ ಯಾರ ಲೆಕ್ಕಕ್ಕೂ ಸೇರಿರಲಿಲ್ಲ.

ಇನ್ನು ವಿಷಯಕ್ಕೆ ಬರೋಣ. ಫೋಲ್ಡರಿನಲ್ಲಿ ಹೆಸರುಗಳು ಆಗಲೇ ಇವೆಯಷ್ಟೆ. ಇರುವುದನ್ನು ಮತ್ತೆ ಬೆರಳಚ್ಚು ಮಾಡುವುದು ವ್ಯರ್ಥ. ತಪ್ಪುಗಳಿಗೆ ಅದೇ ಬಾಗಿಲು. ಆದರೆ ಅವುಗಳನ್ನು ಹೇಗೆ ಈಚೆಗೆ ತೆಗೆಯಬೇಕೆಂಬುದನ್ನು ತಿಳಿಯುವ ಮೊದಲು, ಫೈಲಿನ ಹೆಸರು ಎಲ್ಲಿರುತ್ತದೆಂಬುದನ್ನು ತಿಳಿದಿರಬೇಕು.

ಫೈಲಿನ ಹೆಸರು ಫೈಲಿನೊಳಗೇ ಇರುವುದೆಂದು ಬಹುಮಂದಿ ಭಾವಿಸುತ್ತಾರೆ. ಇದು ಸರಿಯಲ್ಲ. ತರಗತಿಯಲ್ಲಿ ಕುಳಿತ ಹುಡುಗನ ಹೆಸರು ಅವನ ಹಣೆಯ ಮೇಲೆ ಬರೆದಿಲ್ಲ. ಅದು ಹಾಜರಿ ಪುಸ್ತಕದಲ್ಲಿದೆ. ಅಂತೆಯೇ ಡಿಸ್ಕಿನ ಮೇಲೆ ಫೈಲಿನ ಒಳಹುರುಳು ಒಂದು ಕಡೆ. ಅದರ ಹೆಸರು, ಅಳತೆ, ದಿನಾಂಕ, ಅದು ಡಿಸ್ಕಿನ ಯಾವ ಭಾಗದಲ್ಲಿದೆಯೆಂಬ ಗುರುತು, ಇವೆಲ್ಲ ಇನ್ನೊಂದು ಕಡೆ. ಈ ಎರಡನೆಯದು ಒಂದು ದಫ್ತರವಿದ್ದಂತೆ. ನಾವು ಫೋಲ್ಡರೆಂದು ಕರೆಯುವುದು ವಸ್ತುತಃ ಚೀಲವಲ್ಲ, ದಫ್ತರದ ಒಂದು ಪುಟ.

ಇದನ್ನು ಪ್ರಯೋಗದಿಂದಲೇ ಕಾಣಬಹುದು. ಒಂದು ಚಲನಚಿತ್ರದ ಫೈಲನ್ನು, 2 ಗಿಗಾಬೈಟಿನದೆಂದೇ ಇಟ್ಟುಕೊಳ್ಳಿ, ಅದೇ ಡಿಸ್ಕಿನ ಮತ್ತೊಂದು ಫೋಲ್ಡರಿಗೆ ವರ್ಗಾಯಿಸಿ ನೋಡಿ. ಕಣ್ಣು ಮಿಟುಕಿಸುವುದರೊಳಗೆ ಕೆಲಸ ಮುಗಿಯುವುದು. ಅದೇ ಫೈಲನ್ನು ಪೆನ್ ಡ್ರೈವಿಗೆ ಕಳಿಸಿದರೆ ಕಾಯುತ್ತ ಕೂಡಬೇಕು. ಏಕೆ? ಮೊದಲನೆಯ ಸಲ ಫೈಲು ಅಲುಗಲೇ ಇಲ್ಲ. ಒಂದು ಪುಟದಲ್ಲಿದ್ದ ನಮೂದನ್ನು ಹೊಡೆದುಹಾಕಿ ಇನ್ನೊಂದು ಪುಟದಲ್ಲಿ ಬರೆದದ್ದಷ್ಟೆ. ಎರಡನೆಯ ಸಲ ಎಲ್ಲ ಬೈಟುಗಳೂ ಪ್ರಯಾಣ ಮಾಡಬೇಕಾಯಿತು. ಫೈಲಿಗೆ ಹೊಸ ಹೆಸರಿಡುವುದು ಕ್ಷಣಮಾತ್ರದ ಕೆಲಸವಾಗಿರುವುದೂ ಇದೇ ಕಾರಣದಿಂದ.

ಈ ದಫ್ತರದ ಒಂದೊಂದು ಸಾಲೂ ಹಿಂದೆ ಬಹಳ ಇಕ್ಕಟ್ಟಾಗಿದ್ದಿತು. 1970ರ ದಶಕದ ಯುನಿಕ್ಸ್ ವ್ಯವಸ್ಥೆಯಲ್ಲಿ ಒಂದು ಸಾಲಿಗೆ 16 ಬೈಟುಗಳು. ಅವುಗಳಲ್ಲಿ 2 ಫೈಲಿನ ಸಂಖ್ಯೆಗೆ, 14 ಹೆಸರಿಗೆ. 1981ರಲ್ಲಿ ಬಂದ ಡಾಸ್‌ನಲ್ಲಿ ಸಾಲು 32 ಬೈಟುಗಳದಾದರೂ ಹೆಸರಿಗೆ ದೊರೆತುದು 8, ಬಾಲಕ್ಕೆ 3. ಫೈಲನ್ನು ಅಳಿಸಿದಾಗ ಡಾಸ್ ಮಾಡುತ್ತಿದ್ದುದು ಹೆಸರಿನ ಮೊದಲ ಬೈಟನ್ನು ಒಂದು ಗುರುತಿನಿಂದ ಬದಲಿಸಿ, ಆ ಫೈಲು ಹಿಡಿದಿದ್ದ ಜಾಗ ಖಾಲಿಯಾಯಿತೆಂದು ಲೆಕ್ಕದಲ್ಲಿ ಬರೆದುಕೊಳ್ಳುವುದನ್ನು ಮಾತ್ರ. ಒಳಹುರುಳು ಬಹುಕಾಲ ಹಾಗೆಯೇ ಬಿದ್ದಿರುತ್ತಿತ್ತು! ಉದ್ದವಾದ ಹೆಸರುಗಳು ವಿಂಡೋಸ್ ಬಳಸುವ ಸಾಮಾನ್ಯ ಜನಕ್ಕೆ ಲಭಿಸಿದುದು 1995ರಲ್ಲಿ.

ಆದುದರಿಂದ ನಮಗೆ ಬೇಕಾದುದು ಫೈಲುಗಳಲ್ಲ, ದಫ್ತರದ ಆ ಪುಟದ ಪ್ರತಿ. ಸಾಮಾನ್ಯವಾಗಿ ಎಲ್ಲರೂ ಮಾಡುವ ಮೊದಲ ಪ್ರಯತ್ನ ವಿಫಲವಾಗುವುದು ಈ ಭೇದವನ್ನು ಗಮನಿಸದುದರಿಂದಲೇ. ಫೋಲ್ಡರನ್ನು ತೆರೆದು, ಎಲ್ಲವನ್ನೂ ಆಯ್ದು, ಕಂಟ್ರೋಲ್ ಕೀಲಿಯೊಡನೆ ಸಿ ಒತ್ತಿ, ವರ್ಡ್ ದಾಖಲೆಗೆ ಬಂದು ಕಂಟ್ರೋಲ್ ಕೀಲಿಯೊಡನೆ ವಿ ಒತ್ತಿದರೆ ಆಗುವುದೇನು? ಹೆಸರುಗಳ ಬದಲು ಚಿತ್ರಗಳೇ ಬಂದು ಬೀಳುತ್ತವೆ. ಒಂದೊಂದು ಚಿತ್ರ 4 ಮೆಗಾಬೈಟಿನದಾದರೆ 568 ಮೆಗಾಬೈಟು ಆ ದಾಖಲೆಯೊಳಕ್ಕೆ ಸುರಿಯುವುದು. ಕಂಪ್ಯೂಟರು ಸ್ತಬ್ಧವಾಗಿ ನಿಂತರೆ ಆಶ್ಚರ್ಯವಿಲ್ಲ. ನಮ್ಮ ವಿದ್ಯಾರ್ಥಿಗಳು ಬೆರಳಚ್ಚಿಗೆ ತೊಡಗಿದುದು ಈ ಅನುಭವದ ನಂತರವೇ. ಅದನ್ನೇ ನೋಟ್‌ಪ್ಯಾಡಿಗೆ ಅಂಟಿಸಹೋದರೆ ಏನೂ ಬರದು.

ನಾವು ಪ್ರತಿಮಾಡಿದುದು ಕೆಲಕಾಲ ನಿಲ್ಲುವ ತಂಗುದಾಣಕ್ಕೆ ಕ್ಲಿಪ್‌ಬೋರ್ಡ್ ಎಂದು ಹೆಸರು. ಅಲ್ಲಿ ಒಂದೇ ಸರಕು ಹಲವು ರೂಪಗಳಲ್ಲಿ ಇರಬಹುದು: ಬರಿಯ ಪಠ್ಯವಾಗಿ, ಚಿತ್ರವಾಗಿ, ಫೈಲುಗಳಾಗಿ. ಪಡೆಯುವ ತಂತ್ರಾಂಶ ತನಗೆ ಒಗ್ಗುವ ರೂಪವನ್ನು ಎತ್ತಿಕೊಳ್ಳುತ್ತದೆ. ವಿಂಡೋಸ್‌ನಲ್ಲಿ ಫೈಲುಗಳನ್ನು ಆಯ್ದು ಪ್ರತಿಮಾಡಿದಾಗ ಕ್ಲಿಪ್‌ಬೋರ್ಡಿಗೆ ಫೈಲುಗಳ ರೂಪ ಹೋಗುತ್ತದೆ, ಪಠ್ಯರೂಪ ಹೋಗುವುದಿಲ್ಲ. ಪಠ್ಯವನ್ನಷ್ಟೇ ಉಣ್ಣುವ ನೋಟ್‌ಪ್ಯಾಡು ಉಪವಾಸವಿರಬೇಕಾದುದು ಇದರಿಂದ. ಮ್ಯಾಕ್ ಕಂಪ್ಯೂಟರಿನಲ್ಲಾದರೋ ಹೆಸರುಗಳ ಪಠ್ಯವೂ ಜೊತೆಗೇ ಹೋಗುವುದರಿಂದ, ಸಾದಾ ಪಠ್ಯದ ದಾಖಲೆಗೆ ಅಂಟಿಸಿದರೆ ಪಟ್ಟಿ ತಾನಾಗಿ ಸಿದ್ಧವಾಗುವುದು. ಈ ಒಂದು ವಿಷಯದಲ್ಲಿ ಮ್ಯಾಕ್‌ನವರು ಪುಣ್ಯವಂತರು.

ವಿಂಡೋಸ್‌ನವರಿಗೆ ಎರಡು ದಾರಿಗಳಿವೆ. ಮೊದಲನೆಯದು ಸುಲಭ. ಫೈಲುಗಳನ್ನೆಲ್ಲ ಆಯ್ದ ಮೇಲೆ, ಶಿಫ್ಟ್ ಕೀಲಿಯನ್ನು ಒತ್ತಿಹಿಡಿದು ಮೌಸಿನ ಬಲಗುಂಡಿಯನ್ನು ಒತ್ತಿದರೆ ಮೂಡುವ ಸೂಚಿಯಲ್ಲಿ 'ಕಾಪಿ ಆ್ಯಸ್ ಪಾತ್' ಎಂಬ ಸಾಲು ಇರುತ್ತದೆ. ವಿಂಡೋಸ್ 11ರಲ್ಲಿ ಶಿಫ್ಟ್ ಬೇಡ. ಕಂಟ್ರೋಲ್, ಶಿಫ್ಟ್, ಸಿ ಮೂರನ್ನೂ ಒಟ್ಟಿಗೆ ಒತ್ತಿದರೂ ಆದೀತು. ಈಗ ಕ್ಲಿಪ್‌ಬೋರ್ಡಿನಲ್ಲಿರುವುದು ಪಠ್ಯ. ವರ್ಡ್ ದಾಖಲೆಗೆ ಅಂಟಿಸಿದರೆ ಸಾಲಿಗೊಂದರಂತೆ 142 ವಿಳಾಸಗಳು ಬರುವುವು. ವಿಳಾಸವೆಂದು ಏಕೆ ಹೇಳಿದೆವೆಂದರೆ, ಬರುವುದು ಬರಿಯ ಹೆಸರಲ್ಲ. ಡಿಸ್ಕಿನಿಂದ ಮೊದಲ್ಗೊಂಡು ಫೈಲಿನವರೆಗಿನ ಇಡೀ ದಾರಿ, ಅದೂ ಉದ್ಧರಣ ಚಿಹ್ನೆಗಳ ನಡುವೆ.

ಹೆಚ್ಚಿನದನ್ನು ಕತ್ತರಿಸುವುದು ಕಷ್ಟವಲ್ಲ. ಎಲ್ಲ ಸಾಲುಗಳ ಆದಿಯೂ ಒಂದೇ, ಅಂತ್ಯವೂ ಒಂದೇ ಅಲ್ಲವೆ? ಕಂಟ್ರೋಲ್ ಕೀಲಿಯೊಡನೆ ಎಚ್ ಒತ್ತಿ, ಹುಡುಕಬೇಕಾದುದರ ಜಾಗದಲ್ಲಿ ಆ ಸಮಾನವಾದ ಆದಿಭಾಗವನ್ನು ಅಂಟಿಸಿ, ಬದಲಿನ ಜಾಗವನ್ನು ಖಾಲಿ ಬಿಟ್ಟು, ಎಲ್ಲ ಕಡೆಯೂ ಬದಲಿಸುವಂತೆ ಆಜ್ಞೆ ಕೊಡಬೇಕು. ಬಾಲಕ್ಕೂ ಹಾಗೆಯೇ: ಚುಕ್ಕಿ, ಜೆಪಿಜಿ, ಕೊನೆಯ ಉದ್ಧರಣ ಚಿಹ್ನೆ. ಪ್ರತಿಸಲವೂ ಎಷ್ಟು ಕಡೆ ಬದಲಾಯಿತೆಂಬುದನ್ನು ವರ್ಡ್ ತಾನೇ ತಿಳಿಸುತ್ತದೆ. ಆ ಸಂಖ್ಯೆ 142 ಆಗಿರತಕ್ಕದ್ದು. ಇಲ್ಲವಾದರೆ ಎಲ್ಲೋ ಒಂದು ಚಿತ್ರ ಬೇರೆ ಜಾತಿಯದಾಗಿದೆಯೆಂದು ತಿಳಿಯಬೇಕು. ಇಲ್ಲೊಂದು ಸಣ್ಣ ಸೂಕ್ಷ್ಮವೂ ಉಂಟು. ಎಲ್ಲವನ್ನೂ ಆಯ್ದ ನಂತರ ಯಾವ ಫೈಲಿನ ಮೇಲೆ ಮೌಸನ್ನಿಟ್ಟು ಬಲಗುಂಡಿ ಒತ್ತುವೆವೋ ಪಟ್ಟಿ ಆ ಫೈಲಿನಿಂದಲೇ ಆರಂಭವಾಗುತ್ತದೆ. ಮೊದಲನೆಯ ಫೈಲಿನ ಮೇಲೆಯೇ ಒತ್ತಿದರೆ ಕ್ರಮ ಕೆಡದು.

ನಮ್ಮ ವಿದ್ಯಾರ್ಥಿಗಳಿಗೆ ಈ ದಾರಿಯೊಂದೇ ಸಾಕಾಗಿದ್ದಿತು. ಆದರೆ ಎರಡನೆಯ ದಾರಿಯಲ್ಲಿ ಕಲಿಯುವುದು ಹೆಚ್ಚು. ಅದರ ತೊಡಕುಗಳೇ ಪಾಠಗಳು. ಆದುದರಿಂದ ಅದನ್ನೇ ಹಿಡಿಯುವಂತೆ ಅವರಿಗೆ ಹೇಳಿದೆವು.

ಫೋಲ್ಡರಿನ ಮೇಲ್ಭಾಗದಲ್ಲಿ ಅದರ ವಿಳಾಸವನ್ನು ತೋರಿಸುವ ಪಟ್ಟಿಯಿದೆ. ಅಲ್ಲಿ ಸಿ, ಎಂ, ಡಿ ಎಂಬ ಮೂರಕ್ಷರಗಳನ್ನು ಬರೆದು ಎಂಟರ್ ಒತ್ತಿದರೆ ಕಪ್ಪು ಕಿಟಕಿಯೊಂದು ತೆರೆಯುವುದು. ಡಾಸ್ ಕಾಲದ ಆಜ್ಞೆಗಳನ್ನು ಇಂದಿಗೂ ಕೇಳುವ ಕಿಟಕಿ ಇದು. ಇದರಲ್ಲಿ ಡಿ, ಐ, ಆರ್ ಎಂದು ಬರೆದರೆ, ದಫ್ತರದ ಈ ಪುಟವನ್ನು ಓದು ಎಂದರ್ಥ. ತೆರಪು ಬಿಟ್ಟು ಓರೆಗೆರೆ ಹಾಗೂ ಬಿ ಸೇರಿಸಿದರೆ ದಿನಾಂಕ, ಅಳತೆಗಳನ್ನು ಬಿಟ್ಟು ಹೆಸರುಗಳನ್ನಷ್ಟೇ ಓದು ಎಂದರ್ಥ. ಮತ್ತೆ ತೆರಪು, ಬಲಕ್ಕೆ ಮೊನೆಮಾಡಿದ ಕೋನಚಿಹ್ನೆ, ತೆರಪು, ಬಳಿಕ ಒಂದು ಹೊಸ ಫೈಲಿನ ಹೆಸರು. ಓದಿದುದನ್ನು ಪರದೆಗೆ ಕಳಿಸದೆ ಆ ಫೈಲಿಗೆ ಹರಿಸು ಎಂಬುದು ಕೋನಚಿಹ್ನೆಯ ಅರ್ಥ; ಕಾಲುವೆಯ ನೀರನ್ನು ತೂಬಿನಿಂದ ಬೇರೆ ಗದ್ದೆಗೆ ತಿರುಗಿಸಿದಂತೆ. ಹೊಸ ಫೈಲಿಗೆ 'ಲಿಸ್ಟ್' ಎಂಬ ಹೆಸರನ್ನೂ ಚುಕ್ಕಿಯೊಡನೆ ಟಿ, ಎಕ್ಸ್, ಟಿ ಎಂಬ ಬಾಲವನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ಕೊಟ್ಟದ್ದಾಯಿತು. ಎಂಟರ್ ಒತ್ತಿದ ಮರುಕ್ಷಣವೇ ಪಟ್ಟಿ ಸಿದ್ಧ. ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದ ಹುಡುಗರ ಮುಖ ಬಾಡಿತು. ಸಾಲುಗಳು 143! ಅಷ್ಟೇ ಅಲ್ಲ, ಬಹುಪಾಲು ಸಾಲುಗಳಲ್ಲಿ ಹೆಸರುಗಳ ಬದಲು ಪ್ರಶ್ನಾರ್ಥಕ ಚಿಹ್ನೆಗಳ ಸರಮಾಲೆ.

ಹೆಚ್ಚಾದ ಒಂದು ಸಾಲಿನ ರಹಸ್ಯ ಮೋಜಿನದು. ನೀರನ್ನು ತಿರುಗಿಸುವ ಮೊದಲು ಗದ್ದೆ ಸಿದ್ಧವಾಗಿರಬೇಕಷ್ಟೆ. ಕಂಪ್ಯೂಟರು ಮೊದಲು ಖಾಲಿ ಲಿಸ್ಟ್ ಫೈಲನ್ನು ಸೃಷ್ಟಿಸಿ, ಆಮೇಲೆ ದಫ್ತರವನ್ನು ಓದತೊಡಗುತ್ತದೆ. ಆ ಹೊತ್ತಿಗೆ ದಫ್ತರದಲ್ಲಿ ಲಿಸ್ಟ್ ಎಂಬ ಹೆಸರೂ ಸೇರಿಹೋಗಿರುತ್ತದೆ. ಹೀಗೆ ಪಟ್ಟಿಯೊಳಗೆ ಪಟ್ಟಿಯದೇ ಹೆಸರು ಬರುವುದು! ಆ ಸಾಲನ್ನು ಅಳಿಸಬಹುದು. ಅಥವಾ ಹೊಸ ಫೈಲಿನ ಹೆಸರಿನ ಮುಂದೆ ಎರಡು ಚುಕ್ಕಿಗಳನ್ನೂ ಹಿಮ್ಮುಖದ ಓರೆಗೆರೆಯನ್ನೂ ಇಟ್ಟು, ಪಟ್ಟಿಯನ್ನು ಹೊರಗಿನ ಫೋಲ್ಡರಿನಲ್ಲಿ ಬರೆಯಿಸಬಹುದು. ಫೋಲ್ಡರಿನೊಳಗೆ ಮರಿಫೋಲ್ಡರಿದ್ದರೆ ಅದರ ಹೆಸರೂ ಪಟ್ಟಿಗೆ ಸೇರುವುದೆಂಬುದನ್ನು ಮರೆಯಬಾರದು.

ಪ್ರಶ್ನಾರ್ಥಕ ಚಿಹ್ನೆಗಳ ಸಮಸ್ಯೆ ಇದಕ್ಕಿಂತ ಗಂಭೀರವಾದುದು. ಕಂಪ್ಯೂಟರಿಗೆ ಅಕ್ಷರವೆಂದರೆ ಒಂದು ಸಂಖ್ಯೆ. 1991ರಲ್ಲಿ ಮೊದಲು ಪ್ರಕಟವಾದ ಯೂನಿಕೋಡ್ ಎಂಬ ಏರ್ಪಾಡಿನಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಸ್ಥಾನಗಳನ್ನು ಕಾದಿರಿಸಿದೆ. ಕಕಾರದ ಸಂಖ್ಯೆ 3221, ಹಕಾರದ್ದು 3257. ಫೋಲ್ಡರಿನ ದಫ್ತರ ಹೆಸರುಗಳನ್ನು ಈ ಸಂಖ್ಯೆಗಳಲ್ಲಿಯೇ ಬರೆದಿಟ್ಟುಕೊಂಡಿರುತ್ತದೆ, ಅಲ್ಲಿ ತೊಂದರೆಯಿಲ್ಲ. ಆದರೆ ಕಪ್ಪು ಕಿಟಕಿ ಓದಿದುದನ್ನು ಫೈಲಿಗೆ ಹರಿಸುವಾಗ ಬಳಸುವುದು ಹಳೆಯ ಕಾಲದ ಒಂದು ಸಂಕೇತಪುಟವನ್ನು. ಅದರಲ್ಲಿರುವುದು 256 ಸ್ಥಾನಗಳು ಮಾತ್ರ, ಕನ್ನಡಕ್ಕೆ ಒಂದೂ ಇಲ್ಲ. ತನ್ನ ಪುಟದಲ್ಲಿ ಇಲ್ಲದ ಅಕ್ಷರ ಬಂದಾಗಲೆಲ್ಲ ಅದು ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ಹಾಕಿ ಮುಂದೆ ಸಾಗುತ್ತದೆ.

ಆ ಚಿಹ್ನೆಗಳನ್ನು ಎಣಿಸಿ ನೋಡಿದರೆ ಮತ್ತೊಂದು ವಿಷಯ ತಿಳಿಯುತ್ತದೆ. ಹೆಬ್ಬಾಳವೆಂಬಲ್ಲಿ ಕಣ್ಣಿಗೆ ಕಾಣುವುದು ಮೂರು ಅಕ್ಷರಗಳು. ಪಟ್ಟಿಯಲ್ಲಿ ಬಂದುದು ಏಳು ಚಿಹ್ನೆಗಳು. ಹಕಾರ, ಎತ್ವ, ಬಕಾರ, ವಿರಾಮಚಿಹ್ನೆ, ಮತ್ತೆ ಬಕಾರ, ದೀರ್ಘದ ಚಿಹ್ನೆ, ಳಕಾರ: ಕಂಪ್ಯೂಟರಿನ ಲೆಕ್ಕ ಹೀಗೆ. ಒಂದೊಂದಕ್ಕೂ ಯುಟಿಎಫ್-8 ಎಂಬ ಬರವಣಿಗೆಯ ಕ್ರಮದಲ್ಲಿ 3 ಬೈಟುಗಳು ಬೇಕು. ಹೆಬ್ಬಾಳಕ್ಕೆ ಒಟ್ಟು 21. ಲಿನಕ್ಸ್‌ನಲ್ಲಿ ರೂಢಿಯಲ್ಲಿರುವ ಎಕ್ಸ್ಟ್-4 ಎಂಬ ಡಿಸ್ಕಿನ ಏರ್ಪಾಡು ಹೆಸರಿಗೆ 255 ಬೈಟುಗಳ ಮಿತಿಯನ್ನು ಇಟ್ಟಿರುವುದರಿಂದ, ಇಂಗ್ಲಿಷಿನಲ್ಲಿ 255 ಅಕ್ಷರಗಳ ಹೆಸರಿಡಬಹುದಾದ ಕಡೆ ಕನ್ನಡಕ್ಕೆ ಇಂಥ 85 ಘಟಕಗಳಷ್ಟೇ ಹಿಡಿಸುವುವು.

ಪ್ರಶ್ನಾರ್ಥಕ ಚಿಹ್ನೆಯಾಗಿಹೋದುದನ್ನು ಹಿಂದಕ್ಕೆ ಅಕ್ಷರವಾಗಿಸಲಾಗದು. ಯಾವ ಸಂಖ್ಯೆ ಇದ್ದಿತೆಂಬ ಸುಳಿವೇ ಅಲ್ಲಿ ಉಳಿದಿಲ್ಲ. ಫಾಂಟನ್ನು ಎಷ್ಟು ಬಗೆಯಾಗಿ ಬದಲಿಸಿದರೂ ಪ್ರಯೋಜನವಿಲ್ಲ. ಒಂದು ಅನುಕೂಲವನ್ನು ಮಾತ್ರ ಒಪ್ಪಬೇಕು. ವಿಂಡೋಸ್‌ನಲ್ಲಿ ಫೈಲಿನ ಹೆಸರಿನಲ್ಲಿ ಪ್ರಶ್ನಾರ್ಥಕ ಚಿಹ್ನೆಯನ್ನು ಬಳಸಲು ಅನುಮತಿಯೇ ಇಲ್ಲ. ಆದುದರಿಂದ ಪಟ್ಟಿಯಲ್ಲಿ ಅಂಥದೊಂದು ಕಂಡರೂ ಅಕ್ಷರವೊಂದು ನಷ್ಟವಾಯಿತೆಂದು ಸಂಶಯವಿಲ್ಲದೆ ಹೇಳಬಹುದು.

ಪರಿಹಾರ ಚಿಕ್ಕದು. ಪಟ್ಟಿಯನ್ನು ಕೇಳುವ ಮೊದಲು ಅದೇ ಕಿಟಕಿಯಲ್ಲಿ ಸಿ, ಎಚ್, ಸಿ, ಪಿ ಎಂಬ ನಾಲ್ಕಕ್ಷರಗಳನ್ನೂ, ತೆರಪು ಬಿಟ್ಟು 65001 ಎಂಬ ಸಂಖ್ಯೆಯನ್ನೂ ಬರೆದು ಎಂಟರ್ ಒತ್ತಬೇಕು. ಸಂಕೇತಪುಟವನ್ನು ಬದಲಿಸು ಎಂಬುದು ಆಜ್ಞೆ. 65001 ಎಂಬುದು ವಿಂಡೋಸ್‌ನಲ್ಲಿ ಯುಟಿಎಫ್-8ರ ಸಂಖ್ಯೆ. ಬಳಿಕ ಹಿಂದಿನ ಆಜ್ಞೆಯನ್ನೇ ಮತ್ತೆ ಕೊಟ್ಟರೆ ಹೆಸರುಗಳು ಕನ್ನಡದಲ್ಲಿಯೇ ಇಳಿಯುವುವು. ಕಪ್ಪು ಕಿಟಕಿಯ ಮೇಲೆ ಚೌಕಗಳು ಕಂಡರೆ ಹೆದರಬೇಕಾಗಿಲ್ಲ. ಆ ಕಿಟಕಿಯ ಫಾಂಟಿಗೆ ಕನ್ನಡದ ಆಕಾರ ತಿಳಿಯದೆಂದಷ್ಟೇ ಅರ್ಥ, ಸಂಖ್ಯೆಗಳು ಸುರಕ್ಷಿತವಾಗಿವೆ. ನೋಟ್‌ಪ್ಯಾಡಿನಲ್ಲಿ ತೆರೆದು, ಎಲ್ಲವನ್ನೂ ಪ್ರತಿಮಾಡಿ, ವರ್ಡ್ ದಾಖಲೆಗೆ ಅಂಟಿಸಿದರೆ ಕೆಲಸ ಮುಗಿಯಿತು.

ಹಳೆಯ ಡಿಸ್ಕುಗಳಲ್ಲಿ ಇನ್ನೊಂದು ಬಗೆಯ ಹೆಸರುಗಳನ್ನು ಕಾಣುವುದುಂಟು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಕನ್ನಡದ ಆಕಾರಗಳನ್ನು ಲ್ಯಾಟಿನ್ ಅಕ್ಷರಗಳ ಸಂಖ್ಯೆಗಳ ಮೇಲೆ ಕೂರಿಸಿದ್ದರು. ಆ ಕ್ರಮದಲ್ಲಿ ಬರೆದ ಹೆಸರು ಫೋಲ್ಡರಿನಲ್ಲಿ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳಾಗಿ ತೋರುವುದು. ಅದು ಕೆಟ್ಟಿತೆಂದು ಬಗೆದು ಅಳಿಸುವವರನ್ನು ನಾವು ಕಂಡಿದ್ದೇವೆ. ಹಾಗೆ ಮಾಡಕೂಡದು. ಇಲ್ಲಿ ಸಂಖ್ಯೆಗಳು ನಷ್ಟವಾಗಿಲ್ಲ. ಪಟ್ಟಿಯನ್ನು ವರ್ಡ್ ದಾಖಲೆಗೆ ತಂದು, ಆ ಸಾಲುಗಳಿಗೆ ನುಡಿಯ ಫಾಂಟನ್ನು ಕೊಟ್ಟರೆ ಹೆಸರು ಓದಲು ಬರುವುದು.

ಈಗ ಕ್ರಮದ ವಿಚಾರ. ಹೊಸ ಪಟ್ಟಿಯಲ್ಲಿ ಹೆಬ್ಬಾಳ 1 ಆದೊಡನೆ ಹೆಬ್ಬಾಳ 10, 11, 12 ಬಂದು, ಆಮೇಲೆ ಹೆಬ್ಬಾಳ 2 ಬಂದಿದ್ದಿತು. ಫೋಲ್ಡರಿನ ಕಿಟಕಿಯಲ್ಲಿ ನೋಡಿದರೆ ಸರಿಯಾಗಿಯೇ ಇದೆ! ಕಿಟಕಿ ಅಂಕಿಗಳ ಗುಂಪನ್ನು ಒಂದು ಸಂಖ್ಯೆಯೆಂದು ಗ್ರಹಿಸುತ್ತದೆ. ದಫ್ತರವಾದರೋ ಒಂದೊಂದು ಚಿಹ್ನೆಯನ್ನಾಗಿ ಹೋಲಿಸುತ್ತದೆ. 1 ಎಂಬುದು 2ಕ್ಕಿಂತ ಮೊದಲು, ಆದ್ದರಿಂದ 10 ಎಂಬುದೂ 2ಕ್ಕಿಂತ ಮೊದಲು. ಮೊದಲೇ 01, 02 ಎಂದು ಹೆಸರಿಟ್ಟಿದ್ದರೆ ಈ ಭಿನ್ನಾಭಿಪ್ರಾಯ ಏಳುತ್ತಿರಲಿಲ್ಲ. ಕನ್ನಡ ಅಕ್ಷರಗಳ ವಿಷಯದಲ್ಲಿಯೂ ಒಂದು ವ್ಯತ್ಯಾಸವಿದೆ. ನಮ್ಮ ವರ್ಣಮಾಲೆಯಲ್ಲಿ ಳಕಾರ ಕಟ್ಟಕಡೆಯದು, ಹಕಾರದ ಆಚೆಯದು. ಯೂನಿಕೋಡಿನಲ್ಲಿ ಅದರ ಸಂಖ್ಯೆ 3251. ಲಕಾರದ ಮಗ್ಗುಲಿನಲ್ಲಿ, ವಕಾರಕ್ಕಿಂತ ಮೊದಲು ಕುಳಿತಿದೆ. ಹೀಗಾಗಿ ನಿಘಂಟಿನ ಕ್ರಮದಲ್ಲಿ ದೊಡ್ಡಬಸ್ತಿಯ ನಂತರ ಬರಬೇಕಾದ ದೊಡ್ಡಬಳ್ಳಾಪುರ, ಸಂಖ್ಯೆಗಳ ಕ್ರಮದಲ್ಲಿ ಮೊದಲು ಬರುತ್ತದೆ. ಅಚ್ಚಿಗೆ ಹೋಗುವ ಪಟ್ಟಿಯನ್ನು ಈ ದೃಷ್ಟಿಯಿಂದ ಒಮ್ಮೆ ಕಣ್ಣಾಡಿಸಿ ತಿದ್ದುವುದು ಒಳ್ಳೆಯದು.

ಕೊನೆಗೆ ಎಣಿಕೆ. ಫೋಲ್ಡರಿನ ಕಿಟಕಿಯ ಕೆಳಅಂಚಿನಲ್ಲಿ 142 ಎಂದು ಬರೆದಿದೆ. ಲಿಸ್ಟ್ ಎಂಬ ಸಾಲನ್ನು ಕಳೆದ ಮೇಲೆ ಪಟ್ಟಿಯಲ್ಲಿಯೂ 142. ಕೈಯಿಂದ ಮಾಡಿದ 139ರ ಪಟ್ಟಿಯನ್ನು ಎಸೆದುಬಿಡಬಹುದಾಗಿದ್ದಿತು. ಆದರೂ ಕುತೂಹಲಕ್ಕಾಗಿ, ಎರಡು ಪಟ್ಟಿಗಳನ್ನೂ ಎಕ್ಸೆಲ್ ಹಾಳೆಯ ಎರಡು ಉದ್ದಸಾಲುಗಳಲ್ಲಿ ಅಂಟಿಸಿ, ಎರಡನ್ನೂ ಒಂದೇ ಬಗೆಯಾಗಿ ಕ್ರಮಪಡಿಸಿ, ಎಲ್ಲಿ ಜೋಡಿ ತಪ್ಪುವುದೆಂದು ನೋಡುತ್ತ ಬಂದೆವು.

ಮೊದಲು ತಪ್ಪಿದುದು ಕೊಡಿಗೇಹಳ್ಳಿ 1. ಅದರ ಹಿಂದಿನ ಸಾಲು ಕಟ್ಟಿಗೇನಹಳ್ಳಿ 1. ಎರಡನೆಯದು ಸಂಪಿಗೆಹಳ್ಳಿ 1. ಅದರ ಹಿಂದಿನದು ರಾಚೇನಹಳ್ಳಿ 1. ಓದುವವನ ಕಣ್ಣು ಒಂದು 'ಹಳ್ಳಿ 1' ಎಂಬಲ್ಲಿಂದ ಎದ್ದು, ಹಿಂದಿರುಗುವಾಗ ಅದರ ಕೆಳಗಿನ 'ಹಳ್ಳಿ 1' ಎಂಬಲ್ಲಿ ಇಳಿದಿತ್ತು. ಓಲೆಗರಿಗಳನ್ನು ಪ್ರತಿಮಾಡುತ್ತಿದ್ದ ಲಿಪಿಕಾರರೂ ಎರಡು ಸಾಲುಗಳ ಕೊನೆ ಒಂದೇ ಆಗಿದ್ದ ಕಡೆ ಹೀಗೆಯೇ ನಡುವಿನದನ್ನು ಬಿಟ್ಟುಬಿಡುತ್ತಿದ್ದರೆಂಬುದನ್ನು ಗ್ರಂಥಸಂಪಾದನೆ ಮಾಡುವವರು ಬಲ್ಲರು. ಮೂರನೆಯದು ಹೆಬ್ಬಾಳ 12. ಇದಕ್ಕೆ ಇಂಥ ಕಾರಣವೇನೂ ತೋರಲಿಲ್ಲ. ವಿಚಾರಿಸಲಾಗಿ, ಅಷ್ಟು ಹೊತ್ತಿಗೆ ಚಹ ಬಂದಿತ್ತೆಂದು ತಿಳಿಯಿತು.